ಗರಸು ನೆಲದ ದ್ರಾಕ್ಷಿ

ಬಸ್ಸು ಕಳವಾ ಊರಿನ ಸೇತುವೆ ದಾಟುವವರೆಗೂ ತಾನು ನಿಜವಾಗಿ ವಾಶಿಗೆ ಹೋಗುತ್ತಿದ್ದೇನೆಂದು ಗುಣಪಾಲನಿಗೆ ಅನಿಸಿರಲಿಲ್ಲ. ಇನ್ನೂ ರಬಾಳೆ ಬರಬೇಕು, ಅಲ್ಲಿ ಇಳಿದು ಎಂದಿನಂತೆ ಫ್ಯಾಕ್ಟರಿಯ ಗೇಟು ಹೊಕ್ಕುಬಿಟ್ಟರೆ ಬೆಳಿಗ್ಗೆ ಹೆಂಡತಿಗೆ ಹೇಳಿದ ಸುಳ್ಳು ತಾನಾಗಿ ನಿಜವಾಗಿಬಿಡುತ್ತದೆ ಎಂದು ಕಿಟಕಿಯ ಸರಳು ಹಿಡಿದು ಯೋಚಿಸುತ್ತಿದ್ದ. "ಮಧ್ಯಾಹ್ನದ ಮೇಲೆ ಜಾಸ್ತಿ ಕೆಲಸ ಉಂಟು, ಬರುವಾಗ ಕತ್ತಲಾದೀತು, ನೀನು ಊಟ ಮಾಡಿಬಿಡು" ಎಂದಿದ್ದ. ಊಟ ಮಾಡಿಬಿಡು ಎಂದದ್ದು ಅನಗತ್ಯವಾಗಿತ್ತು. ರತ್ನಾವತಿ ಹೇಗೂ ಹೊತ್ತು ಮುಳುಗುವ ಮೊದಲೇ ಉಣ್ಣುವವಳು. ಕಾರ್ಕಳದ ಕಡೆಯ ಜೈನರ ಮನೆಯಿಂದ ತಂದ ಆ ಕಟ್ಟಳೆಯನ್ನು ಠಾಣೆ ಪಟ್ಟಣದ ಕೋಪರಿಯ ಈ ಎರಡು ಕೋಣೆಯ ಮನೆಯಲ್ಲೂ ಅವಳು ತಪ್ಪಿಸಿದವಳಲ್ಲ. ಬಸಳೆ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ "ಆಯ್ತು" ಎಂದಳು. ತಲೆ ಎತ್ತಿ ನೋಡಿದ್ದರೆ, ಒಂದು ಪ್ರಶ್ನೆ ಕೇಳಿದ್ದರೆ, ಸುಳ್ಳು ಹೇಳಿದ್ದರಲ್ಲಿ ಸ್ವಲ್ಪವಾದರೂ ನ್ಯಾಯ ಇರುತ್ತಿತ್ತು. ಅನುಮಾನವೇ ಇಲ್ಲದವರಿಗೆ ಸುಳ್ಳು ಹೇಳುವುದು ಮಲಗಿದವರ ಜೇಬಿಗೆ ಕೈ ಹಾಕಿದ ಹಾಗೆ. ಅನುಮಾನ ಬಂದದ್ದು ಮಗಳಿಗೆ. "ಪಪ್ಪಾ, ಫ್ಯಾಕ್ಟರಿ ಮೇ ಯೇ ಶರ್ಟ್ ಪೆಹೆನ್‌ಕೇ ಜಾವೋಗೇ?" ಫ್ಯಾಕ್ಟರಿಗೆ ಇದನ್ನು ಹಾಕಿಕೊಂಡು ಹೋಗುವುದಾ ಎಂದು ಅವನ ಇಸ್ತ್ರಿಯ ತಿಳಿನೀಲಿ ಅಂಗಿಯನ್ನು ನೋಡಿ ನಕ್ಕಿದ್ದಳು. ಅವನೂ ನಕ್ಕು, ನಗು ಮುಗಿಯುವ ಮೊದಲೇ ಮೆಟ್ಟಿಲಿಳಿದಿದ್ದ.

ಫ್ಯಾಕ್ಟರಿಗೆ ಬಂದ ಫೋನು ಇದಕ್ಕೆಲ್ಲ ಕಾರಣ. ಹಣ್ಣಿನ ಶರಬತ್ತು, ಕೆಚಪ್ಪು ಮಾಡುವ ಆ ಫ್ಯಾಕ್ಟರಿಯ ಲ್ಯಾಬಿನಲ್ಲಿ ಅವನ ಕೆಲಸ ರುಚಿ ನೋಡುವುದು. ಪ್ರತಿ ಪಾಕದಿಂದ ಒಂದು ಗುಟುಕು ಬಾಯಿಗೆ ಹಾಕಿ, ನಾಲಿಗೆಯ ಮೇಲೆ ತಿರುಗಿಸಿ, ಬೇಸಿನ್ನಿಗೆ ಉಗುಳುವುದು. ಕಿತ್ತಳೆಯ ಶರಬತ್ತನ್ನು ಉಗುಳಬೇಕಾದ ಅಗತ್ಯವೇನೂ ಇರಲಿಲ್ಲ, ಆದರೆ ಹಿಂದಿನ ಕೆಲಸದಲ್ಲಿ ಅಂಟಿದ ಅಭ್ಯಾಸ. ಉಗುಳುವುದೇ ತನ್ನ ಹೊಟ್ಟೆಪಾಡು ಎಂದು ಅವನಿಗೆ ಒಮ್ಮೊಮ್ಮೆ ಅನಿಸುವುದಿತ್ತು. ಅಂದು ಹಾಗೆ ಉಗುಳುತ್ತಿರುವಾಗಲೇ ಫೋನು ಬಂದಿತ್ತು: ಅವನ ಹಳೆಯ ಮಾಲೀಕರು, ಜುನ್ನರದ ಆಚೆ ದ್ರಾಕ್ಷಿ ತೋಟ ಮತ್ತು ವೈನಿನ ಕಾರ್ಖಾನೆ ಇಟ್ಟುಕೊಂಡಿದ್ದ ಢೋಬಳೆ ಸಾಹೇಬರು. ಮೇಲಿನ ಗುಡ್ಡದ ದ್ರಾಕ್ಷಿಯನ್ನು ಬೇರೆಯಾಗಿ ಇಟ್ಟದ್ದು ನೆನಪಿದೆಯಾ, ಆ ತೊಂಬತ್ತನಾಲ್ಕರ ಕೊಯ್ಲು, ಅದು ಈಗ ಬಾಟಲಿಯಲ್ಲಿ ಹೊರಗೆ ಬರುತ್ತಿದೆ, ಶನಿವಾರ ವಾಶಿಯ ಹೋಟೆಲಿನಲ್ಲಿ ಸಣ್ಣ ಕಾರ್ಯಕ್ರಮ, ಬರಲೇಬೇಕು ಎಂದಿದ್ದರು ಮರಾಠಿಯಲ್ಲಿ. ಹೇಳಿ ಮುಗಿಸಿ ಏನೋ ಮರೆತವರಂತೆ, "ನಳಿನಾಕ್ಷೀ ಪಣ್ ಯೇಣಾರ್ ಆಹೇ" ಎಂದು ಸೇರಿಸಿದ್ದರು. ನಳಿನಾಕ್ಷಿಯೂ ಬರುತ್ತಾಳೆ. ಗುಣಪಾಲ ಫೋನು ಇಟ್ಟು ಲ್ಯಾಬಿಗೆ ಹಿಂತಿರುಗಿ, ಆ ದಿನದ ಕಿತ್ತಳೆ ಶರಬತ್ತಿಗೆ ಸಕ್ಕರೆ ಸಾಲದು ಎಂದು ಬರೆದ. ಮರುದಿನ ನೋಡಿದರೆ ಸಕ್ಕರೆ ಸರಿಯಾಗಿಯೇ ಇತ್ತು.

ರಬಾಳೆ ಬಂತು, ಕಂಡಕ್ಟರ್ ಗಂಟೆ ಹೊಡೆದ, ಜನ ಇಳಿದರು, ಜನ ಹತ್ತಿದರು. ಅವನು ಇಳಿಯಲಿಲ್ಲ. ವೈನಿನ ಕೆಲಸದಲ್ಲಿದ್ದಾಗ ವಾರವಿಡೀ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದು ಶನಿವಾರ ಮನೆಗೆ ಬರುವುದು. ಮಾಳಶೇಜ್ ಘಾಟಿ ಇಳಿದು ಕಲ್ಯಾಣಕ್ಕೆ ಬರುವ ಎಸ್‌ಟಿ ಬಸ್ಸು. ಅದೇ ಬಸ್ಸಿಗೆ ನಳಿನಾಕ್ಷಿಯೂ ಹತ್ತುತ್ತಿದ್ದಳು. ಅವಳ ಮನೆ ಡೊಂಬಿವಲಿಯಲ್ಲಿ, ಅಪ್ಪ ಉಡುಪಿ ಕಡೆಯಿಂದ ಬಂದು ಹೋಟೆಲಿನಲ್ಲಿ ಕ್ಯಾಶಿಯರ್ ಆಗಿದ್ದವರು. ಸೂಕ್ಷ್ಮಜೀವಿಶಾಸ್ತ್ರ ಓದಿ ನೇರ ಅಲ್ಲಿಯ ಲ್ಯಾಬಿಗೆ ಬಂದ ಹುಡುಗಿ. ಎರಡು ಜನರ ಸೀಟಿನಲ್ಲಿ ಅವರು ಒಟ್ಟಿಗೆ ಕೂರುವರು, ನಡುವೆ ಗುಣಪಾಲ ತನ್ನ ಚೀಲವನ್ನಿಡುವನು. ಘಾಟಿಯ ತಿರುವಿನಲ್ಲಿ ಚೀಲ ಒಮ್ಮೆ ಅವಳ ಕಡೆಗೆ ಒಮ್ಮೆ ಇವನ ಕಡೆಗೆ ವಾಲುವುದು. ಅವಳು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗುವಳು, ಅವನು ಎಚ್ಚರವಾಗಿ ಕೂತು ಅವಳ ಬೆರಳುಗಳನ್ನು ನೋಡುವನು. ಕೊಯ್ಲಿನ ತಿಂಗಳುಗಳಲ್ಲಿ ಆ ಬೆರಳುಗಳ ಉಗುರಿನ ಸಂದು ನೇರಳೆ ಬಣ್ಣಕ್ಕೆ ತಿರುಗಿರುತ್ತಿತ್ತು. ಅವನವೂ ಹಾಗೇ. ಬಸ್ಸಿನಲ್ಲಿದ್ದ ಅಷ್ಟೂ ಜನರಲ್ಲಿ ಹಾಗಿದ್ದುದು ತಮ್ಮಿಬ್ಬರದೇ ಎಂಬ ಸಣ್ಣ ಸಂಗತಿಯನ್ನು ಕಲ್ಯಾಣದವರೆಗೂ ಒಳಗೊಳಗೇ ಆಡಿಸುತ್ತ ಬರುವನು. ಮನೆಗೆ ಬಂದು ರತ್ನಾವತಿ ನೀರು ಕೊಟ್ಟಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವನು.

ಆ ಮೇಲಿನ ಗುಡ್ಡ ಯಾರಿಗೂ ಬೇಡವಾದ ನೆಲವಾಗಿತ್ತು. ಕೂಲಿಯವರು ಅದನ್ನು ಮುರ್ಮಾಡ ಎನ್ನುತ್ತಿದ್ದರು, ಎಂದರೆ ಗರಸು ನೆಲ. ಮಣ್ಣು ಕಡಿಮೆ, ಪುಡಿಗಲ್ಲೇ ಹೆಚ್ಚು. ಕೆಳಗಿನ ಕಪ್ಪು ಮಣ್ಣಿನ ತೋಟದಲ್ಲಿ ಬಳ್ಳಿ ಉಂಡುಬೆಳೆದ ಮಕ್ಕಳಂತೆ ಕೊಬ್ಬಿದ್ದರೆ ಇಲ್ಲಿಯದು ಒಣಗಿದ ಕೈಯಂತೆ ತಂತಿಗೆ ಜೋತುಬಿದ್ದಿರುತ್ತಿತ್ತು. ಗೊಂಚಲು ಕಡಿಮೆ, ಕಾಳು ಸಣ್ಣ, ಸಿಪ್ಪೆ ದಪ್ಪ. ಆ ವರ್ಷ ಫೆಬ್ರವರಿಯ ಬೆಳಗುಗಳಲ್ಲಿ ಅವರಿಬ್ಬರೂ ಸಾಲಿನಿಂದ ಸಾಲಿಗೆ ನಡೆದು ಕಾಳು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸಿಹಿ ಎಷ್ಟು, ಹುಳಿ ಎಷ್ಟು, ಬೀಜ ಹಸಿರು ಬಿಟ್ಟು ಕಂದಾಯಿತೇ, ಸಿಪ್ಪೆಯ ಒಗರು ಗಡುಸೇ ಮೆದುವೇ. ಅವನು ಎಲ್ಲವನ್ನೂ ಉಗುಳುವನು. ಅವಳು ಬೀಜವನ್ನು ಮಾತ್ರ ಅಂಗೈಗೆ ತೆಗೆದುಕೊಂಡು ಉಳಿದದ್ದನ್ನು ನುಂಗುವಳು. "ಹಣ್ಣಲ್ವಾ ಸರ್, ಹಣ್ಣಿಗೆ ಎಂತ ದೋಷ?" ಎಂದು ಕೇಳಿದ್ದಳು ಒಮ್ಮೆ. ಹಣ್ಣಿಗೆ ದೋಷವಿರಲಿಲ್ಲ. ಆದರೆ ಎಲ್ಲಿ ಹಣ್ಣು ಮುಗಿಯುತ್ತದೆ, ಎಲ್ಲಿ ಮದ್ಯ ಶುರುವಾಗುತ್ತದೆ ಎಂದು ಗೆರೆ ಎಳೆಯುವುದಕ್ಕಿಂತ ಜೈನನಾದ ಅವನಿಗೆ ಎಲ್ಲವನ್ನೂ ಉಗುಳುವುದು ಸುಲಭವಾಗಿತ್ತು. ಈ ಗುಡ್ಡದ್ದನ್ನು ಬೇರೆ ಯಾವುದರ ಜತೆಗೂ ಬೆರೆಸುವುದು ಬೇಡ ಎಂದು ಇಬ್ಬರೂ ಒಂದೇ ದಿನ, ಒಂದೇ ಸಾಲಿನಲ್ಲಿ ನಿಂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೇಳಿದ್ದರು. ಢೋಬಳೆಯವರು ಅಷ್ಟು ಸಣ್ಣ ತೋಟಕ್ಕೆ ಬೇರೆ ತೊಟ್ಟಿಯಾ ಎಂದು ಗೊಣಗಿ ಒಪ್ಪಿದ್ದರು. ತೊಟ್ಟಿಯಲ್ಲಿ ರಸ ಉಕ್ಕತೊಡಗಿದಾಗ ಸಿಪ್ಪೆಗಳೆಲ್ಲ ಮೇಲಕ್ಕೆ ಬಂದು ಗಟ್ಟಿ ಕೆನೆಯಂತೆ ಕಟ್ಟುತ್ತಿದ್ದವು, ಅದನ್ನು ಮರದ ಕೋಲಿನಿಂದ ಮತ್ತೆ ಮತ್ತೆ ಒಳಕ್ಕೆ ಒತ್ತಬೇಕು. ಕೋಲು ಒತ್ತುವಾಗ ಬರುತ್ತಿದ್ದ ಬಿಸಿ ಉಸಿರಿನಂಥ ಆ ವಾಸನೆ.

"ಆಗೇ ಸರಕೋ, ಆಗೇ ಸರಕೋ" ಎಂದು ಕಂಡಕ್ಟರ್ ಜನರನ್ನು ಮುಂದಕ್ಕೆ ಸರಿಸಲು ಕೂಗುತ್ತಿದ್ದ. ಕೋಪರಖೈರಣೆಯಲ್ಲಿ ಹತ್ತಿದ ಹೆಂಗಸೊಬ್ಬಳು ತರಕಾರಿ ಚೀಲವನ್ನು ಅವನ ಕಾಲಿನ ಮೇಲೇ ಇಟ್ಟಳು. ಅವನು ಕಾಲು ತೆಗೆಯಲಿಲ್ಲ.

ಹೋಟೆಲಿನ ಹಾಲ್ ತಣ್ಣಗಿತ್ತು. ಬಿಳಿ ಬಟ್ಟೆ ಹೊದ್ದ ಮೇಜುಗಳು, ಅದರ ಮೇಲೆ ಬಾಟಲಿಗಳು, ಬಾಟಲಿಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಮುರ್ಮಾಡ್ ಹಿಲ್'. ಕೂಲಿಯವರು ಬೈಗುಳದಂತೆ ಆಡುತ್ತಿದ್ದ ಮಾತು ಚಿನ್ನದ ಬಣ್ಣದಲ್ಲಿ ಹೊಳೆಯುವುದನ್ನು ನೋಡಿ ಗುಣಪಾಲನಿಗೆ ನಗು ಬಂತು. ಮುಂಬಯಿಯಿಂದ ಬಂದ ಸೂಟಿನವರು, ಹೋಟೆಲಿನವರು, ಪತ್ರಿಕೆಯವನೊಬ್ಬ. ತನ್ನ ತಿಳಿನೀಲಿ ಅಂಗಿಯ ಕಂಕುಳು ಬಸ್ಸಿನ ಸೆಕೆಗೆ ಒದ್ದೆಯಾಗಿರುವುದು ಅವನಿಗೆ ಈಗ ತಿಳಿಯಿತು. ಕೈಗಳನ್ನು ಮೈಗೆ ಒತ್ತಿಕೊಂಡು ಗೋಡೆಯ ಬದಿಗೆ ನಿಂತ. ಅಲ್ಲಿಂದಲೇ ಅವಳನ್ನು ಕಂಡ. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು, ಹಸಿರು ರೇಷ್ಮೆ ಸೀರೆ. ಅವನು ಕೆಲಸ ಬಿಟ್ಟ ಮರುವರ್ಷ ಅವಳಿಗೆ ಮದುವೆಯಾಗಿ ಕಲ್ಯಾಣದಲ್ಲಿ ಮನೆ ಮಾಡಿದ್ದಾಳೆಂದು ಯಾರೋ ಹೇಳಿದ್ದರು. ಅವಳೇ ಹತ್ತಿರ ಬಂದಳು.

"ಸರ್! ಎಷ್ಟು ಸಣಕಲಾಗಿದ್ದೀರಿ! ನನಗೆ ಗುರುತೇ ಸಿಗ್ಲಿಲ್ಲ."

"ನೀನು ಹಾಗೇ ಇದ್ದೀ" ಎಂದ ಗುಣಪಾಲ.

"ಸುಳ್ಳು ಹೇಳ್ಬೇಡಿ ಮಾರಾಯ್ರೆ" ಎಂದು ನಕ್ಕಳು. "ಇವರು ಬರುವವರಿದ್ದರು. ಮಗನಿಗೆ ಜ್ವರ, ಹಾಗೆ ನಿಂತರು. ನಾನು ಬೇಗ ಹೋಗ್ಬೇಕು."

ಮುಂದಿನ ಮಾತು ಅವನಿಗೆ ಹೊಳೆಯುವುದರೊಳಗೆ ಢೋಬಳೆ ಸಾಹೇಬರು ಬಂದು ಅವನ ಭುಜದ ಮೇಲೆ ಕೈ ಹಾಕಿ ಹಾಲಿನ ನಡುವಿಗೆ ಎಳೆದುಕೊಂಡು ಹೋದರು. ಗುಡ್ಡದ ಕಥೆಯನ್ನು ಅವರು ಚೆನ್ನಾಗಿಯೇ ಹೇಳಿದರು: ಒಂದೇ ತೋಟ, ಒಂದೇ ಕೊಯ್ಲು, ಬೇರೆ ಒಂದು ಕಾಳೂ ಬೆರೆತಿಲ್ಲ, ಫ್ರಾನ್ಸಿನಿಂದ ತರಿಸಿದ ಓಕ್ ಮರದ ಪೀಪಾಯಿಯಲ್ಲಿ ಒಂದು ವರ್ಷಕ್ಕೂ ಮಿಕ್ಕಿ ಮಲಗಿತ್ತು, ಆಮೇಲೆ ಬಾಟಲಿಯಲ್ಲಿ. ಕೊನೆಗೆ ಗುಣಪಾಲನ ಬೆನ್ನು ತಟ್ಟಿ, "ಇವರು ಆಗ ನಮ್ಮ ಕೆಮಿಸ್ಟ್. ಈ ವೈನನ್ನು ಹುಟ್ಟಿಸಿದವರು. ಆದರೆ ಪಕ್ಕಾ ಜೈನರು, ಜೀವಮಾನದಲ್ಲಿ ಒಂದು ಹನಿ ಗಂಟಲಿಗೆ ಇಳಿಸಿದವರಲ್ಲ!" ಎಂದರು. ಸೂಟಿನವನೊಬ್ಬ, "ಅಂದರೆ ಅಡುಗೆಯವನಿಗೇ ಉಪವಾಸ!" ಎಂದ. ಎಲ್ಲರೂ ನಕ್ಕರು. ಅದರಲ್ಲಿ ವಿಷವಿರಲಿಲ್ಲ, ಮದುವೆಮನೆಯ ನಗುವಿನಂತಿತ್ತು, ಅದಕ್ಕೇ ಅದನ್ನು ತಡೆಯುವುದು ಕಷ್ಟವಾಯಿತು. ಅವನ ಕೈಗೂ ಒಂದು ಗ್ಲಾಸು ಬಂತು. "ರುಚಿ ನೋಡಿ, ರುಚಿ ನೋಡಿ. ನೋಡಿದರೆ ಪಾಪ ಇಲ್ಲವಲ್ಲ" ಎಂದರು ಢೋಬಳೆಯವರು. ಎಲ್ಲರೂ ಕಾಯುತ್ತಿದ್ದರು. ಗುಣಪಾಲ ಗ್ಲಾಸನ್ನು ಓರೆ ಮಾಡಿ ಬೆಳಕಿಗೆ ಹಿಡಿದು, ಮೂಗಿಗೆ ತಂದು, ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಹಾಕಿಕೊಂಡ ಮೇಲೆ ಸುತ್ತ ನೋಡಿದ. ಉಗುಳಲು ಅಲ್ಲಿ ಏನೂ ಇರಲಿಲ್ಲ.

ಲ್ಯಾಬಿನಲ್ಲಿ ಬೇಸಿನ್ ಇರುತ್ತಿತ್ತು, ಪೀಪಾಯಿಗಳ ಕೋಣೆಯಲ್ಲಿ ಬಕೆಟು. ಇಲ್ಲಿ ನೆಲದ ಮೇಲೆ ರತ್ನಗಂಬಳಿ, ಮೂಲೆಯ ಹೂದಾನಿ ಹತ್ತು ಜನರ ಆಚೆ. ಮೊದಲು ಬಂದದ್ದು ಹೊಗೆ, ಆಮೇಲೆ ನೇರಳೆ ಹಣ್ಣು, ಅದರ ಹಿಂದಿನಿಂದ ಗುಡ್ಡದ ಆ ಒಗರು, ಈಗ ಮುಳ್ಳು ಕಳೆದುಕೊಂಡು ಮಖಮಲ್ಲಿನಂತೆ ನಾಲಿಗೆಯ ಬದಿಯನ್ನು ಸವರುತ್ತಿದ್ದ ಒಗರು. ಇದು ಹೀಗೆ ಆಗಬಹುದೆಂದು ಆಗ ಊಹಿಸಿದ್ದರು. ಆಗುವುದನ್ನು ನೋಡಲು ಅವನು ನಿಂತಿರಲಿಲ್ಲ. ಹೊಸ ವೈನು ಪೀಪಾಯಿಗೆ ಇಳಿದ ಕೆಲ ದಿನಗಳ ಮೇಲೆ ಒಂದು ಸಂಜೆ ನಳಿನಾಕ್ಷಿ ಗಾಜಿನ ಕೊಳವೆಯಿಂದ ಸ್ವಲ್ಪ ಎಳೆದು ಗ್ಲಾಸಿಗೆ ಬಿಟ್ಟಿದ್ದಳು. ಕೋಣೆಯಲ್ಲಿ ಒಂದೇ ಬಲ್ಬು, ಮರದ ವಾಸನೆ, ಇಬ್ಬರೇ. ಅವಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ ನಿಂತಳು. ಎಷ್ಟು ಹೊತ್ತು ನಿಂತಳೆಂದರೆ ಅವನಿಗೆ ಅವಳ ಕತ್ತಿನ ಮೇಲೆ ಇಳಿಯುತ್ತಿದ್ದ ಬೆವರಿನ ಹನಿಯನ್ನು ನೋಡದಿರಲಾಗಲಿಲ್ಲ. ಕಣ್ಣು ತೆರೆದು ಅದೇ ಗ್ಲಾಸನ್ನು ಅವನ ಕಡೆಗೆ ಚಾಚಿದಳು. "ಒಂದು ಸಲ ನುಂಗಿ ನೋಡಿ ಸರ್. ಬಾಯಲ್ಲಿ ಅರ್ಧ ಮಾತ್ರ ಉಂಟು. ಇನ್ನರ್ಧ ಗಂಟಲಿನ ಕೆಳಗೆ." ಅವಳ ತುಟಿ ತಾಗಿದ ಜಾಗಕ್ಕೇ ಅವನ ತುಟಿ ಹೋಯಿತು. ಗುಟುಕು ಬಾಯಿಗೆ ಬಂದದ್ದೇ ತಿರುಗಲೂ ಪುರುಸೊತ್ತಿಲ್ಲದೆ ಉಗುಳಿಬಿಟ್ಟ. ಬಕೆಟಿಗೆ ಬೀಳಲಿಲ್ಲ, ಅವಳ ಬಿಳಿ ಕೋಟಿನ ಮೇಲೆ ಬಿತ್ತು. ಎದೆಯಿಂದ ಸೊಂಟದವರೆಗೆ ಕೆಂಪು. ಆ ವಾರವೇ ರಾಜೀನಾಮೆ ಕೊಟ್ಟು, ಮನೆಯವಳು ವ್ರತ ಹಿಡಿದಿದ್ದಾಳೆ, ಈ ಕೆಲಸ ಅವಳಿಗೆ ಸರಿ ಬರುವುದಿಲ್ಲ ಎಂದು ಎಲ್ಲರಿಗೂ ಹೇಳಿದ.

"ಕಶೀ ಆಹೇ?" ಎಂದು ಕೇಳುತ್ತಿದ್ದರು ಢೋಬಳೆಯವರು, ಹೇಗಿದೆ? ಬಾಯಿ ತುಂಬಿದ್ದ ಗುಣಪಾಲ ತಲೆಯಾಡಿಸಿದ. ಜನ ಮತ್ತೆ ನಕ್ಕು ತಮ್ಮ ತಮ್ಮ ಮಾತಿಗೆ ತಿರುಗಿದರು. ವೈನು ಬಾಯಲ್ಲೇ ಬೆಚ್ಚಗಾಗುತ್ತಿತ್ತು. ಆಗ ಬದಿಯಲ್ಲಿ ಹಸಿರು ಸೀರೆ ಸರಿದಂತಾಯಿತು. ನಳಿನಾಕ್ಷಿ ಮೇಜಿನ ಮೇಲಿದ್ದ ಐಸಿನ ಬಕೆಟನ್ನು ಎಲ್ಲೋ ಖಾಲಿ ಮಾಡಿಕೊಂಡು ಬಂದಿದ್ದಳು. ಜನರ ಕಡೆಗೆ ಬೆನ್ನು ಮಾಡಿ, ಅವನಿಗೆ ಮರೆಯಾಗುವಂತೆ ನಿಂತು, ಅದನ್ನು ಅವನ ಎದೆಯ ಮಟ್ಟಕ್ಕೆ ಹಿಡಿದಳು. "ಇದರಲ್ಲಿ ಸರ್. ಯಾರೂ ನೋಡುದಿಲ್ಲ."

ಅಷ್ಟು ಮೃದುವಾಗಿ ಅವನೊಡನೆ ಯಾರಾದರೂ ಮಾತಾಡಿ ಎಷ್ಟೋ ಕಾಲವಾಗಿತ್ತು. ಬಕೆಟಿನ ತಳದಲ್ಲಿ ಒಂದು ಐಸಿನ ತುಂಡು ಕರಗದೆ ಉಳಿದಿತ್ತು. ಇವನು ಉಗುಳುತ್ತಾನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿಲ್ಲವಲ್ಲ ಎಂದು ಅವನಿಗೆ ಅನಿಸಿತು. ನೋಡುತ್ತ ನೋಡುತ್ತ ನುಂಗಿಬಿಟ್ಟ.

"ನುಂಗಿದ್ರಾ?" ಕನ್ನಡಕದ ಹಿಂದೆ ಅವಳ ಕಣ್ಣು ಅಗಲವಾದವು.

"ಹೂಂ."

"ದೇವರೇ! ಹೇಗುಂಟು?"

"ನೀನು ಹೇಳಿದ್ದು ಸರಿ" ಎಂದ. "ಅರ್ಧ ಕೆಳಗೇ ಇತ್ತು."

"ನಾನೆಂತ ಹೇಳಿದ್ದೆ?"

ಅವನು ಅವಳ ಮುಖ ನೋಡಿದ. ಆಟವಾಡುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಪೀಪಾಯಿಗಳ ಕೋಣೆ, ಆ ಸಂಜೆ, ಅವಳ ಕೋಟಿನ ಮೇಲೆ ತಾನು, ಎಂದು ತಡವರಿಸಿದ. ಈಗಲಾದರೂ ತಪ್ಪಾಯಿತು ಎನ್ನಬೇಕೆಂದಿದ್ದ. ಅವಳು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದಳು, ಅವನಿಗಾಗಿಯೇ ಪ್ರಯತ್ನಪಟ್ಟಳು ಎಂಬುದು ಕಾಣುತ್ತಿತ್ತು. "ಕೋಟಿನ ಮೇಲೆ ಕಲೆ ದಿನಾ ಬೀಳ್ತಿತ್ತಲ್ಲ ಸರ್, ಯಾವ ದಿನದ್ದೂಂತ ನೆನಪಿಡುದು?" ಎಂದು ನಕ್ಕು, ಬಕೆಟನ್ನು ಮೇಜಿನ ಮೇಲಿಟ್ಟಳು. "ಆದ್ರೆ ನೀವು ಯಾಕೆ ಬಿಟ್ಟದ್ದು ಸರ್? ನಿಮ್ಮಂಥವರು ಬಿಡ್ಬಾರದಿತ್ತು."

"ಮನೆಯಲ್ಲಿ... ಅವಳಿಗೆ ಸರಿ ಬರ್ತಿರಲಿಲ್ಲ."

"ಅಯ್ಯೋ ಪಾಪ" ಎಂದಳು ನಳಿನಾಕ್ಷಿ. ಆಮೇಲೆ ಗಡಿಯಾರ ನೋಡಿಕೊಂಡು, ಮಗನ ಜ್ವರದ ನೆನಪಾಗಿ, ಮನೆಯವರನ್ನು ಕರೆದುಕೊಂಡು ಒಮ್ಮೆ ಕಲ್ಯಾಣಕ್ಕೆ ಬರಬೇಕೆಂದು ಹೇಳಿ ಹೊರಟುಹೋದಳು. ಅವಳ ವಿಳಾಸವನ್ನು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಒಂದು ಗುಟುಕಿಗೆ ಅಮಲೇರುವುದಿಲ್ಲ ಎಂದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಎದೆಯ ನಡುವಿನಲ್ಲಿ ಒಂದು ಬೆಚ್ಚನೆಯ ಜಾಗ ಉಳಿದುಕೊಂಡಿತ್ತು. ಮಹಾಪಾಪವೆಂದು ಇಷ್ಟು ವರ್ಷ ಹೆದರಿದ್ದು ಇಷ್ಟೇ ಇಷ್ಟು. ಅವನನ್ನು ಹೆಚ್ಚಾಗಿ ಹಿಂಸಿಸುತ್ತಿದ್ದುದು ಆ ಗುಟುಕಲ್ಲ, 'ನಾನೆಂತ ಹೇಳಿದ್ದೆ' ಎಂಬ ಆ ಸರಳವಾದ ಪ್ರಶ್ನೆ. ಅವಳ ಪಾಲಿಗೆ ನೂರಾರು ಸಂಜೆಗಳಲ್ಲಿ ಒಂದಾಗಿದ್ದುದನ್ನು ತಾನು ಒಂದೇ ತೋಟದ ಹಣ್ಣಿನಂತೆ ಬೇರೆಯಾಗಿ ತೆಗೆದಿಟ್ಟು, ಕತ್ತಲಲ್ಲಿ ಮಲಗಿಸಿ, ಕಾದಿದ್ದೆನಲ್ಲ ಎಂದು ನಾಚಿಕೆಯಾಯಿತು. ಐರೋಲಿಯ ಹತ್ತಿರ ಖಾಡಿಯ ಹಿನ್ನೀರಿನ ಕೆಸರಿನ ವಾಸನೆ ಬಂತು. ಠಾಣೆಯಲ್ಲಿ ಇಳಿದು ಪಾನ್ ಅಂಗಡಿಯಲ್ಲಿ ಏಲಕ್ಕಿ ಕೊಂಡು ಬಾಯಿಗೆ ಹಾಕಿಕೊಳ್ಳಲು ಹೋದವನು, ಯಾಕೋ ಮನಸ್ಸಾಗದೆ ಅದನ್ನು ಗಟಾರಕ್ಕೆ ಎಸೆದು ಮನೆಯ ಕಡೆ ನಡೆದ.

ಮಗಳು ಟ್ಯೂಷನ್ನಿನಿಂದ ಬಂದಿರಲಿಲ್ಲ. ರತ್ನಾವತಿ ಬಾಗಿಲು ತೆರೆದು, ಅವನನ್ನು ದಾಟಿಹೋಗಲು ಬಿಟ್ಟು, ಚಿಲಕ ಹಾಕಿದವಳು ಅವನೊಡನೆ ಬಂದ ವಾಸನೆಗೆ ಅಲ್ಲೇ ನಿಂತಳು.

"ಫ್ಯಾಕ್ಟರಿಗೆ ಹೋದದ್ದಲ್ಲ ನೀವು."

"ಅಲ್ಲ" ಎಂದ.

"ಕುಡಿದು ಬಂದ್ರಾ?"

"ಒಂದು ಗುಟುಕು. ನಾವು ಆಗ ಮಾಡಿದ ವೈನು ಇವತ್ತು..." ಅವಳು ಅಳುತ್ತಾಳೆ, ಅಥವಾ ಸ್ನಾನ ಮಾಡಿ ಬನ್ನಿ ಎನ್ನುತ್ತಾಳೆ, ನಾಳೆ ಉಪವಾಸ ಕೂರುತ್ತಾಳೆ. ಅದಕ್ಕೆಲ್ಲ ಸಿದ್ಧನಾಗಿ ನಿಂತ. ರತ್ನಾವತಿ ಹತ್ತಿರ ಬಂದಳು. ಅವನ ಮುಖಕ್ಕೆ ಮುಖ ತಂದು, ಮೂಗಿನಿಂದ ದೀರ್ಘವಾಗಿ ಉಸಿರೆಳೆದಳು. ಮದುವೆಯಾದ ಇಷ್ಟು ವರ್ಷಗಳಲ್ಲಿ ಬೆಳಕಿನಲ್ಲಿ ಅವಳು ಅಷ್ಟು ಹತ್ತಿರ ಬಂದದ್ದು ಅವನಿಗೆ ನೆನಪಿರಲಿಲ್ಲ.

"ಇದೇ" ಎಂದಳು. "ಆಗ ನಿಮ್ಮ ಅಂಗಿಯಲ್ಲಿ ಇದೇ ಇರ್ತಿತ್ತು. ಶನಿವಾರ ನೀವು ತಂದು ಹಾಕಿದ ಬಟ್ಟೆಯನ್ನು ನಾನು ನೆನೆಹಾಕುವ ಮೊದಲು ಮೂಸಿ ನೋಡ್ತಿದ್ದೆ. ಮೊದಮೊದಲು ಪಾಪಾಂತ ಹೆದರಿಕೆ. ಆಮೇಲೆ ಶನಿವಾರ ಯಾವಾಗ ಬರ್ತದೆ ಅಂತ ಕಾಯ್ತಿದ್ದೆ. ಆ ಕೆಲಸ ಬಿಟ್ಟ ಮೇಲೆ ನಿಮ್ಮ ಬಟ್ಟೆಯಲ್ಲಿ ಏನೂ ಇಲ್ಲ. ಬರೀ ಸಕ್ಕರೆ."

ಗುಣಪಾಲ ಗೋಡೆಗೆ ಒರಗಿದ. "ನಿನಗೋಸ್ಕರ ಬಿಟ್ಟದ್ದು ನಾನು."

"ನನಗೋಸ್ಕರವಾ?" ಅವಳ ಧ್ವನಿ ಏರಲಿಲ್ಲ. "ನಾನು ಬಿಡಿ ಅಂದದ್ದುಂಟಾ? ಒಂದು ಸಲ ಆದ್ರೂ?"

ಅವನು ಹುಡುಕಿದ. ಅವಳ ವ್ರತಗಳು, ಅವಳು ಬಟ್ಟೆಯಲ್ಲಿ ಸೋಸುವ ನೀರು, ಸೂರ್ಯ ಮುಳುಗುವ ಮೊದಲಿನ ಅವಳ ಊಟ, ಅವಳ ಮೌನ, ಒಂದೊಂದನ್ನೂ ಎತ್ತಿ ಅದರ ಕೆಳಗೆ ನೋಡಿದ. ಆ ಮಾತು ಎಲ್ಲಿಯೂ ಇರಲಿಲ್ಲ.

"ಇಲ್ಲ" ಎಂದ.

"ಊರಿನಲ್ಲಿ ಎಲ್ಲರೂ ಕೇಳಿದರು, ಗಂಡನಿಗೆ ಒಳ್ಳೆ ಕೆಲಸ ಬಿಡಿಸಿದ್ಯಂತೆ ಅಂತ. ನಾನು ಹೌದು ಅಂದೆ. ನಿಮ್ಮ ಮಾತು ಸುಳ್ಳಾಗುದು ಬೇಡಾಂತ." ಹೊರಗೆ ಲೋಕಲ್ ರೈಲೊಂದು ಹಾದುಹೋಯಿತು, ಕಿಟಕಿಯ ಗಾಜು ನಡುಗಿತು. ಅದು ನಿಲ್ಲುವವರೆಗೆ ಅವಳು ಕಾದಳು. "ಆಗ ನಿಮ್ಮ ಮುಖದಲ್ಲಿ ಒಂದು ಜೀವ ಇರ್ತಿತ್ತು. ಅದು ಎಲ್ಲಿಂದ ಬರ್ತದೆ ಅಂತ ನಾನು ಕೇಳ್ಲಿಲ್ಲ, ನೀವು ಹೇಳ್ಲಿಲ್ಲ. ಆ ತೋಟ ಹೇಗಿತ್ತು, ಅದನ್ನಾದ್ರೂ ಹೇಳಿ."

"ಗುಡ್ಡದ ಇಳಿಜಾರು" ಎಂದು ಶುರುಮಾಡಿದ ಗುಣಪಾಲ. "ಮಣ್ಣೇ ಇಲ್ಲ, ಬರೀ ಗರಸು. ಬಳ್ಳಿ ನೋಡಿದ್ರೆ ಅಯ್ಯೋ ಅನಿಸ್ಬೇಕು, ಹಾಗಿತ್ತು. ಬೆಳಿಗ್ಗೆ ಮಂಜು ಹೋಗುವ ಮೊದಲು ನಾವು..." ಅಲ್ಲಿಗೆ ನಿಂತ.

"ನಾವು ಅಂದ್ರೆ?"

ನಾನು ಎಂದು ತಿದ್ದಬಹುದಿತ್ತು. ಒಂದೇ ಅಕ್ಷರದ ವ್ಯತ್ಯಾಸ, ಅದಕ್ಕಿಂತ ದೊಡ್ಡ ದೊಡ್ಡದನ್ನು ಅವನು ಈ ಮನೆಯಲ್ಲಿ ತಿದ್ದಿದ್ದ. ಅಡುಗೆಮನೆಯ ದೀಪದ ಬೆಳಕು ಅವಳ ಮುಖದ ಒಂದು ಬದಿಗೆ ಮಾತ್ರ ಬೀಳುತ್ತಿತ್ತು.

"ನಾನು ಮತ್ತೆ ನಳಿನಾಕ್ಷಿ ಅಂತ ಒಬ್ಬಳಿದ್ದಳು" ಎಂದ.

ರತ್ನಾವತಿ ಚಾಪೆ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕೂತು, ಎರಡು ಕಾಲನ್ನೂ ಮುಂದಕ್ಕೆ ಚಾಚಿಕೊಂಡಳು.

"ಹೂಂ" ಎಂದಳು. "ಹೇಳಿ."